ಸ್ಯಾವೇಜ್ .45 (1907ರ ಸೇನಾ ಪರೀಕ್ಷೆಯದು): ಮತ್ತೆ ಬ್ಲೂಯಿಂಗ್ ಮಾಡಿರುವುದನ್ನು ಕೊಳ್ಳಬಹುದಾ?

ಓಹಾಯೊ_ಹಳೇಕಬ್ಬಿಣ

ಎಲ್ಲರಿಗೂ ನಮಸ್ಕಾರ. ನನಗೆ ಸ್ಯಾವೇಜ್ ಕಂಪನಿಯ ಒಂದು .45 (ಗುಂಡಿನ ಅಳತೆ, ಇಂಚಿನಲ್ಲಿ) ಪಿಸ್ತೂಲು ಮಾರಾಟಕ್ಕೆ ಬಂದಿದೆ. 1907ರಿಂದ 1911ರವರೆಗೆ ಅಮೆರಿಕದ ಸೇನೆ ಹೊಸ ಪಿಸ್ತೂಲು ಹುಡುಕುತ್ತಿತ್ತಲ್ಲ, ಆಗ ಕೋಲ್ಟ್ ಕಂಪನಿಯ ಪಿಸ್ತೂಲಿನ ಎದುರು ಕೊನೆಯವರೆಗೂ ನಿಂತು ಸೋತದ್ದು ಇದೇ. ಮಾರುವವರು ಹಿರಿಯರು. ಮಕ್ಕಳಿಗೆ ಆಸಕ್ತಿ ಇಲ್ಲ, ಸಂಗ್ರಹವನ್ನು ಒಂದೊಂದಾಗಿ ಕೊಡುತ್ತಿದ್ದಾರೆ.

ಸೀರಿಯಲ್ ನಂಬರ್ ಸ್ಪಷ್ಟವಾಗಿದೆ. ನಳಿಗೆಯ ಒಳಗಿನ ಗೆರೆಗಳು ಚೆನ್ನಾಗಿವೆ. ಆದರೆ ಮೇಲಿನ ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ನೀಲಿ ಬಣ್ಣ) ಮೊದಲಿನದಲ್ಲ. ಹಿಂದೆ ಸ್ಯಾವೇಜ್ ಕಂಪನಿಯೇ ಮಾಡಿಕೊಟ್ಟದ್ದು ಎನ್ನುತ್ತಾರೆ ಅವರು. ಮತ್ತೆ ಬಣ್ಣ ಕಂಡ ಪಿಸ್ತೂಲು ಅಂದರೆ ಅರ್ಧ ಬೆಲೆ ಎಂದು ಕೇಳಿದ್ದೇನೆ. ಇಲ್ಲಿ ಅವರು ಪೂರ್ತಿ ಬೆಲೆ ಹೇಳುತ್ತಿದ್ದಾರೆ. ನನ್ನ ಹತ್ತಿರ ಕ್ಯೂರಿಯೊ ಅಂಡ್ ರೆಲಿಕ್ (ಹಳೆ ಆಯುಧ ಸಂಗ್ರಾಹಕರ) ಲೈಸೆನ್ಸ್ ಇದೆ, ಕಾಗದದ ಕೆಲಸ ತೊಂದರೆ ಇಲ್ಲ. ತಗೋಬೇಕಾ, ಬಿಡಬೇಕಾ?

ಯಂತ್ರಮನಸ್ಸು

ಬಿಡಿ ಸರ್. ನನ್ನ ನಿಯಮ ಸರಳ. ಹಳೆ ಪಿಸ್ತೂಲಿನ ಮೇಲಿನ ಬಣ್ಣ ಒಂದೇ ಸಲ ಬರುತ್ತದೆ. ಅದನ್ನು ಉಜ್ಜಿ ತೆಗೆದ ಮೇಲೆ ಉಪಕರಣದ ಗುರುತು, ತಪಾಸಣೆಯ ಮುದ್ರೆ, ಅಂಚಿನ ಚೂಪು, ಎಲ್ಲ ಸ್ವಲ್ಪ ಸ್ವಲ್ಪ ಹೋಗುತ್ತದೆ. ಪರೀಕ್ಷೆಗೆ ಮಾಡಿದ ಪಿಸ್ತೂಲಿನಲ್ಲಿ ನಾವು ಓದಬೇಕಾದ್ದು ಅದನ್ನೇ ಅಲ್ವಾ? ಅದಿಲ್ಲ ಅಂದರೆ ಒಳ್ಳೆ ಕಬ್ಬಿಣ ಉಳಿಯುತ್ತದೆ, ಅಷ್ಟೇ.

ದಾಖಲೆಪ್ರಿಯ

ಸ್ವಲ್ಪ ನಿಲ್ಲಿ. ಬೇರೆ ಯಾವುದೇ ಪಿಸ್ತೂಲು ಆಗಿದ್ದರೆ ಯಂತ್ರಮನಸ್ಸು ಅವರ ಮಾತಿಗೆ ನಾನೂ ತಲೆಯಾಡಿಸುತ್ತಿದ್ದೆ. ಸ್ಯಾವೇಜ್ .45 ವಿಷಯ ಬೇರೆ. ಅದಕ್ಕೆ ಕಥೆ ಮೊದಲಿನಿಂದ ಹೇಳಬೇಕು. ಉದ್ದ ಆಗುತ್ತದೆ, ಓದಿ.

ಅಮೆರಿಕದ ಸೇನೆ ಫಿಲಿಪೀನ್ಸ್‌ನಲ್ಲಿ ಮೋರೋ ಹೋರಾಟಗಾರರ ಎದುರು .38 ರಿವಾಲ್ವರ್ ಹಿಡಿದು ಹೋಗಿ ಕಷ್ಟಪಟ್ಟಿತು. ಗುಂಡು ತಗುಲಿದರೂ ಮನುಷ್ಯ ನಿಲ್ಲುತ್ತಿರಲಿಲ್ಲ ಎಂಬ ದೂರು ಬಂತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಬೇರೆ ಬೇರೆ ಗಾತ್ರದ ಗುಂಡುಗಳನ್ನು ಪರೀಕ್ಷೆ ಮಾಡಿದರು. ಶಿಕಾಗೊದ ಕಸಾಯಿಖಾನೆಯ ದನಗಳ ಮೇಲೆ, ಶವಗಳ ಮೇಲೆ. ಓದುವುದಕ್ಕೇ ಹಿಂಸೆಯಾಗುವ ವರದಿ ಅದು. .45ಕ್ಕಿಂತ ಚಿಕ್ಕದು ಬೇಡ ಎಂದು ಹೇಳಿದರು. ಈ ಥಾಂಪ್ಸನ್ ಹೆಸರಿನಲ್ಲೇ ಮುಂದೆ ಸಬ್‌ಮಷಿನ್ ಗನ್ ಬಂದದ್ದು.

1907ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ (ಸೇನೆಯ ಶಸ್ತ್ರಾಗಾರ) ಅಧಿಕಾರಿಗಳ ಮಂಡಳಿ ಕೂತಿತು. ಬಂದವರ ಪಟ್ಟಿ ನೋಡಿದರೆ ಖುಷಿಯಾಗುತ್ತದೆ. ಕೋಲ್ಟ್, ಸ್ಯಾವೇಜ್, ಜರ್ಮನಿಯಿಂದ ಲೂಗರ್, ಬರ್ಗ್‌ಮನ್, ಇಂಗ್ಲೆಂಡಿನ ವೆಬ್ಲಿ-ಫಾಸ್ಬರಿ, ವೈಟ್-ಮೆರಿಲ್, ನೋಬಲ್, ಜೊತೆಗೆ ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್‌ನ ರಿವಾಲ್ವರ್‌ಗಳು. ನೋಬಲ್ ಪಿಸ್ತೂಲುಗಳ ಕೆಲಸಗಾರಿಕೆ ಎಷ್ಟು ಒರಟಾಗಿತ್ತೆಂದರೆ ಮಂಡಳಿ ಅವುಗಳಿಂದ ಗುಂಡನ್ನೇ ಹಾರಿಸಲಿಲ್ಲ. ಬರ್ಗ್‌ಮನ್‌ನ ಸುತ್ತಿಗೆಯ ಏಟು ತೋಟಾ ಸಿಡಿಸುವಷ್ಟು ಬಲವಾಗಿರಲಿಲ್ಲ. ವೈಟ್-ಮೆರಿಲ್‌ನಲ್ಲಿ ಟ್ರಿಗರ್ ಗಾರ್ಡಿನ ಕೆಳಗೆ ಒಂದು ಲಿವರ್. ಕುದುರೆ ಮೇಲೆ ಕೂತವನು ಒಂದೇ ಕೈಯಲ್ಲಿ ಪಿಸ್ತೂಲನ್ನು ಸಜ್ಜು ಮಾಡಲಿ ಎಂಬ ಆಲೋಚನೆ. ಆಲೋಚನೆ ಒಳ್ಳೆಯದು, ಕೆಲಸ ಮಾಡಲಿಲ್ಲ.

ಕೊನೆಗೆ ಕೋಲ್ಟ್ ಮತ್ತು ಸ್ಯಾವೇಜ್ ಎರಡರಿಂದಲೂ 200, 200 ತರಿಸಿ ಅಶ್ವದಳದ ಕೈಗೆ ಕೊಡಿ ಎಂದು ಮಂಡಳಿ ಹೇಳಿತು. ಕೋಲ್ಟ್ ತಕ್ಷಣ ಒಪ್ಪಿತು. ಸ್ಯಾವೇಜ್ ಮೊದಲು ಆಗುವುದಿಲ್ಲ ಎಂದಿತು. ಇನ್ನೂರೇ ಪಿಸ್ತೂಲಿಗೆ ಇಡೀ ಯಂತ್ರೋಪಕರಣ ಹೂಡಬೇಕಲ್ಲ. ಆಗ ಲೂಗರ್ ತಯಾರಿಸುತ್ತಿದ್ದ ಡಿಡಬ್ಲ್ಯುಎಂ ಕಂಪನಿಯನ್ನು ಕೇಳಿದರು. ಅವರು ಮೊದಲು ಹೂಂ ಎಂದು, 1908ರಲ್ಲಿ ಹಿಂದೆ ಸರಿದರು. ಅದೇ ವರ್ಷ ಜರ್ಮನ್ ಸೇನೆ ಲೂಗರ್ ಅನ್ನು ಪಿ08 ಎಂದು ಸ್ವೀಕರಿಸಿತು. ಮನೆಯಲ್ಲೇ ಅಷ್ಟು ದೊಡ್ಡ ಆರ್ಡರ್ ಇರುವಾಗ ಅಮೆರಿಕದ ಇನ್ನೂರು ಯಾರಿಗೆ ಬೇಕು? ಅಷ್ಟರಲ್ಲಿ ಸ್ಯಾವೇಜ್ ಮನಸ್ಸು ಬದಲಿಸಿ ಒಪ್ಪಿಕೊಂಡಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಯಾವೇಜ್ ಕಳಿಸಿದ ಪಿಸ್ತೂಲುಗಳಲ್ಲಿ ಹಲವು ಮೊದಲ ತಪಾಸಣೆಯಲ್ಲೇ ದೋಷ ಕಂಡು ಕಾರ್ಖಾನೆಗೆ ವಾಪಸ್ ಹೋದವು. ರಿಪೇರಿ ಆಗಿ ಮತ್ತೆ ಬಂದವು. ಕುದುರೆ ಸವಾರರು ಬಳಸಿದರು, ಬಡಿದರು, ಮಳೆಯಲ್ಲಿ ನೆನೆಸಿದರು. 1911ರಲ್ಲಿ ಕೋಲ್ಟ್ ಗೆದ್ದ ಮೇಲೆ ಸೇನೆಗೆ ಇವು ಬೇಡವಾದವು. ಆಗ ಸ್ಯಾವೇಜ್ ಕಂಪನಿ ಉಳಿದವನ್ನು ಸರ್ಕಾರದಿಂದ ತಾನೇ ಕೊಂಡು, ಕಾರ್ಖಾನೆಯಲ್ಲಿ ಸರಿಮಾಡಿ, ಹೊಸದಾಗಿ ಬ್ಲೂಯಿಂಗ್ ಮಾಡಿ, ಸಾಮಾನ್ಯ ಜನರಿಗೆ ಮಾರಿತು. ಒಟ್ಟು ತಯಾರಾದದ್ದೇ 300ರ ಒಳಗೆ. ಅಂದರೆ ಇಂದು ಸಿಗುವ ಸ್ಯಾವೇಜ್ .45ಗಳಲ್ಲಿ ಬಹುಪಾಲು ಕಾರ್ಖಾನೆಯಲ್ಲೇ ಮತ್ತೆ ಬಣ್ಣ ಕಂಡವು.

ಆ ಬಣ್ಣ ಆ ಪಿಸ್ತೂಲಿನ ಚರಿತ್ರೆಯೇ. ಅದು ಸೋತು ಮನೆಗೆ ಬಂದದ್ದರ ಗುರುತು. ನನಗೆ ಅದು ಕಳಂಕ ಅನ್ನಿಸುವುದಿಲ್ಲ.

ಯಂತ್ರಮನಸ್ಸು

ಅದು ಒಪ್ಪುವ ಮಾತು. ಆದರೆ "ಕಾರ್ಖಾನೆಯ ಬ್ಲೂಯಿಂಗ್" ಎಂದು ಮಾರುವವರೆಲ್ಲ ಹೇಳುತ್ತಾರೆ. 1950ರಲ್ಲಿ ಯಾರೋ ಊರ ಗನ್‌ಸ್ಮಿತ್ ಮಾಡಿದ್ದನ್ನೂ ಹಾಗೇ ಹೇಳುತ್ತಾರೆ. ಹೇಗೆ ಬೇರೆ ಮಾಡುತ್ತೀರಿ?

ದಾಖಲೆಪ್ರಿಯ

ಕೈಯಲ್ಲಿ ಹಿಡಿದು, ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಫೋಟೊ ಸಾಲದು.

ಮೊದಲು ಅಕ್ಷರಗಳು. ಹೊಸದಾಗಿ ಒತ್ತಿದ ಅಕ್ಷರದ ಅಂಚು ಚೂಪಾಗಿರುತ್ತದೆ. ಬಟ್ಟೆಯ ಚಕ್ರಕ್ಕೆ ಹಿಡಿದು ಉಜ್ಜಿದರೆ ಅಂಚು ಕರಗಿ, ಅಕ್ಷರ ಒಂದು ಕಡೆ ಆಳ, ಇನ್ನೊಂದು ಕಡೆ ತೇಲಿದ ಹಾಗೆ ಕಾಣುತ್ತದೆ. ಎರಡನೆಯದು, ಪಿನ್ ಮತ್ತು ತೂತುಗಳ ಸುತ್ತ. ಒರಟು ಕೈ ಉಜ್ಜಿದ್ದರೆ ತೂತಿನ ಬಾಯಿ ತಟ್ಟೆಯ ಹಾಗೆ ಗುಳಿ ಬಿದ್ದಿರುತ್ತದೆ. ಕಾರ್ಖಾನೆಯವರು ಸಮತಟ್ಟು ಜಾಗವನ್ನು ಸಮತಟ್ಟಾಗಿಯೇ ಉಳಿಸುತ್ತಾರೆ, ಅವರ ಹತ್ತಿರ ಅದಕ್ಕೆ ಚಕ್ರಗಳೂ ಪಳಗಿದ ಕೈಗಳೂ ಇದ್ದವು. ಮೂರನೆಯದು ತುಕ್ಕಿನ ಹೊಂಡ. ಹೊಂಡದ ಒಳಗೂ ನೀಲಿ ಇದ್ದರೆ, ತುಕ್ಕು ಮೊದಲು, ಬಣ್ಣ ಆಮೇಲೆ. ಮಾರಾಟಕ್ಕೆ ಸಿದ್ಧ ಮಾಡಿದ ಪಿಸ್ತೂಲಿನಲ್ಲಿ ಕಂಪನಿ ಆಳವಾದ ಹೊಂಡ ಹಾಗೇ ಬಿಟ್ಟು ನೀಲಿ ಬಳಿಯುವುದು ಕಷ್ಟ. ಹಾಗಿದ್ದರೆ ಅನುಮಾನ ಪಡಿ.

ಇನ್ನೊಂದು, ಬ್ಲೂಯಿಂಗ್‌ನ ಬಣ್ಣವೇ. ಆ ಕಾಲದ ಇದ್ದಿಲು-ಕುಲುಮೆಯ ನೀಲಿ ಮೃದುವಾಗಿ, ಆಳವಾಗಿ ಕಾಣುತ್ತದೆ. ಆಮೇಲೆ ಬಂದ ಬಿಸಿ ಉಪ್ಪಿನ ದ್ರಾವಣದ ಬ್ಲೂಯಿಂಗ್ ಕಪ್ಪಿಗೆ ಹತ್ತಿರ. ಒಂದನ್ನೊಂದು ಪಕ್ಕದಲ್ಲಿಟ್ಟು ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಮೈಸೂರು_ಹೊಸಬ

ನಾನು ಇಲ್ಲಿ ಹೊಸಬ. ಕ್ಷಮಿಸಿ, ಒಂದು ಮೂಲ ಪ್ರಶ್ನೆ. ಸೋತ ಪಿಸ್ತೂಲಿಗೆ ಯಾಕೆ ಇಷ್ಟು ಬೆಲೆ? ಗೆದ್ದದ್ದಕ್ಕೆ ಅಲ್ವಾ ಇರಬೇಕು?

ಓಹಾಯೊ_ಹಳೇಕಬ್ಬಿಣ

ಗೆದ್ದ ಕೋಲ್ಟ್, ಅಂದರೆ ಎಂ1911, ಲಕ್ಷಾಂತರ ತಯಾರಾಯಿತು. ಎರಡು ಮಹಾಯುದ್ಧ ಕಂಡಿತು. ಒಂದು ಬೇಕೆಂದರೆ ಹಣ ಕೂಡಿಸಿದರೆ ಸಿಗುತ್ತದೆ. ಸೋತದ್ದು ಇನ್ನೂರು, ಮುನ್ನೂರಕ್ಕೇ ನಿಂತು ಹೋಯಿತು. ವಿರಳತೆ ಒಂದು ಕಾರಣ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸೋತದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟರೆ, ಗೆದ್ದದ್ದು ಯಾಕೆ ಗೆದ್ದಿತು ಅನ್ನುವುದು ತಿಳಿಯುತ್ತದೆ. ಗೆದ್ದದ್ದೊಂದನ್ನೇ ನೋಡುತ್ತಾ ಕೂತರೆ ಅದು ಹುಟ್ಟಿದಾಗಲೇ ಹಾಗಿತ್ತು ಅನ್ನಿಸಿಬಿಡುತ್ತದೆ.

ಯಂತ್ರಮನಸ್ಸು

ಇದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ, ಯಂತ್ರದ ಕಡೆ ನನ್ನ ಒಲವು ಜಾಸ್ತಿ.

ಸ್ಯಾವೇಜ್ ಪಿಸ್ತೂಲಿನ ವಿನ್ಯಾಸ ಎಲ್ಬರ್ಟ್ ಸರ್ಲ್ ಅವರದು. ಗುಂಡು ಹಾರಿದಾಗ ನಳಿಗೆ ಸ್ವಲ್ಪವೇ ತಿರುಗಿದ ಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆ ಹೋಗುತ್ತದೆ. ಆ ತಿರುಗುವಿಕೆಯೇ ತಡೆ. ಭಾಗಗಳು ಕಡಿಮೆ, ಬಿಚ್ಚುವುದು ಸುಲಭ, ತೋಟಾ ತುಂಬುವ ಮ್ಯಾಗಜೀನಿನಲ್ಲಿ 8. ಕೋಲ್ಟ್‌ನಲ್ಲಿ 7. ಚಿಕ್ಕ .32 ತೋಟಾಕ್ಕೆ ಈ ವಿನ್ಯಾಸ ತುಂಬಾ ಚೆನ್ನಾಗಿ ಹೊಂದುತ್ತದೆ. .45ರ ಏಟಿಗೆ ಆ ಚಿಕ್ಕ ತಿರುಗುವಿಕೆ ಸಾಲದು. ಸ್ಲೈಡ್ ಜೋರಾಗಿ ಹಿಂದೆ ಬರುತ್ತದೆ, ಭಾಗಗಳು ಏಟು ತಿನ್ನುತ್ತವೆ, ಕೈಗೂ ಗೊತ್ತಾಗುತ್ತದೆ.

ಕೋಲ್ಟ್ ಕಡೆ ವಿನ್ಯಾಸಕಾರ ಜಾನ್ ಬ್ರೌನಿಂಗ್. ಅವರ 1900ರ ಪಿಸ್ತೂಲಿನಿಂದ 1907ರದ್ದರವರೆಗೆ ನಳಿಗೆಯ ಕೆಳಗೆ ಮುಂದೊಂದು ಹಿಂದೊಂದು, ಎರಡು ಕೊಂಡಿ. ನಳಿಗೆ ಸಮಾನಾಂತರವಾಗಿ ಕೆಳಗಿಳಿಯುತ್ತಿತ್ತು. 1909ರ ಹೊತ್ತಿಗೆ ಮುಂದಿನ ಕೊಂಡಿ ತೆಗೆದು ಹಿಂದೆ ಒಂದನ್ನೇ ಇಟ್ಟರು, ಮುಂದೆ ನಳಿಗೆಯ ತುದಿ ಹಿಡಿದಿಡುವ ಬುಶಿಂಗ್ ಬಳೆ ಹಾಕಿದರು. 1910ರಲ್ಲಿ ಹಿಡಿಯ ಓರೆ ಬದಲಿಸಿದರು. ಆಮೇಲೆ ಹೆಬ್ಬೆರಳಿಗೆ ಸಿಗುವ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಬಂತು. ಅಂದರೆ ಪ್ರತಿ ಸುತ್ತಿನ ದೂರು ಕೇಳಿ ಪಿಸ್ತೂಲು ಬದಲಾಗುತ್ತಾ ಹೋಯಿತು. ಗೆಲುವಿನ ಗುಟ್ಟು ಇದೇ ಎಂದು ನನಗೆ ಅನ್ನಿಸುತ್ತದೆ. ನಾಲ್ಕು ವರ್ಷದಲ್ಲಿ ಕೋಲ್ಟ್ ಬದಲಾದಷ್ಟು ಸ್ಯಾವೇಜ್ ಬದಲಾಗಲಿಲ್ಲ.

1911ರ ಮಾರ್ಚ್ ಪರೀಕ್ಷೆಯಲ್ಲಿ ಎರಡಕ್ಕೂ 6,000 ಗುಂಡು. ಬಿಸಿ ತಡೆಯಲಾಗದಷ್ಟು ಆದಾಗ ನೀರಿನಲ್ಲಿ ಅದ್ದಿ ತಣಿಸಿ ಮತ್ತೆ ಶುರು. ಕೋಲ್ಟ್ ಒಂದು ಸಲವೂ ನಿಲ್ಲಲಿಲ್ಲ. ಸ್ಯಾವೇಜ್‌ಗೆ 37 ತೊಂದರೆ. ಮಾರ್ಚ್ 29ಕ್ಕೆ ಕೋಲ್ಟ್ ಅನ್ನು ಎಂ1911 ಎಂದು ಸ್ವೀಕರಿಸಿದರು.

ಲೀಡ್ಸ್_ಕನ್ನಡತಿ

ತುಂಬಾ ಒಳ್ಳೆಯ ಎಳೆ. ನಾನು ಇಂಗ್ಲೆಂಡಿನ ಕಡೆಯಿಂದ ಎರಡು ಮಾತು ಸೇರಿಸಬಹುದಾ?

ಇಲ್ಲಿ ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿ ಮಾರ್ಸ್ ಪಿಸ್ತೂಲು ಇದೆ. ಹ್ಯೂ ಗ್ಯಾಬೆಟ್-ಫೇರ್‌ಫ್ಯಾಕ್ಸ್ ಮಾಡಿದ್ದು. ಬ್ರಿಟಿಷ್ ನೌಕಾಪಡೆ 1901, 1902ರ ಸುಮಾರಿಗೆ ಪರೀಕ್ಷೆ ಮಾಡಿತು. ಆ ಕಾಲದ ಕೈಪಿಸ್ತೂಲುಗಳಲ್ಲಿ ಅಷ್ಟು ಶಕ್ತಿ ಬೇರೆ ಯಾವುದಕ್ಕೂ ಇರಲಿಲ್ಲ. ಆದರೆ ಖಾಲಿ ತೋಟಾ ನೇರ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೇ ಹಾರುತ್ತಿತ್ತು. ಒಮ್ಮೆ ಹಾರಿಸಿದ ಯಾರೂ ಮತ್ತೊಮ್ಮೆ ಹಾರಿಸಲು ಇಷ್ಟಪಡಲಿಲ್ಲ ಎಂಬ ಅರ್ಥದ ಮಾತು ನೌಕಾಪಡೆಯ ಕಡೆಯಿಂದ ಉಳಿದುಬಂದಿದೆ. ಸುಮಾರು 80 ತಯಾರಾದವು. ವಿನ್ಯಾಸಕಾರ ದಿವಾಳಿಯಾದರು. ಒಬ್ಬ ಮನುಷ್ಯ ತನ್ನ ಎಲ್ಲವನ್ನೂ ಹಾಕಿ ಮಾಡಿದ ವಸ್ತು ಅದು. ಅದರ ಮುಂದೆ ನಿಂತಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ.

ಮೇಲೆ ವೆಬ್ಲಿ-ಫಾಸ್ಬರಿ ಹೆಸರು ಬಂತು. ಆ ಫಾಸ್ಬರಿ ನಮ್ಮ ದೇಶದ ಚರಿತ್ರೆಯಲ್ಲೂ ಬರುತ್ತಾರೆ. ಜಾರ್ಜ್ ವಿನ್ಸೆಂಟ್ ಫಾಸ್ಬರಿ ಬಂಗಾಳ ಸೇನೆಯಲ್ಲಿದ್ದವರು. 1863ರ ಅಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದರು. ವಾಯವ್ಯ ಗಡಿಯಲ್ಲಿ ಕಡಿದಾದ ಬಂಡೆಯ ಮೇಲಿನ ಠಾಣೆಯೊಂದನ್ನು ಮರಳಿ ಹಿಡಿದದ್ದಕ್ಕೆ. ಅವರು ಮಾಡಿದ ರಿವಾಲ್ವರಿನಲ್ಲಿ ಗುಂಡು ಹಾರಿದಾಗಿನ ಹಿಂದೊದೆತದಿಂದಲೇ ಸಿಲಿಂಡರ್ ತಿರುಗಿ ಸುತ್ತಿಗೆ ಮತ್ತೆ ಸಜ್ಜಾಗುತ್ತದೆ. ಸಿಲಿಂಡರಿನ ಮೇಲಿನ ಅಂಕುಡೊಂಕು ತೋಡು ನೋಡಿದರೆ ಕೆಲಸ ಹೇಗೆ ಅನ್ನುವುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಇಲ್ಲಿನ ಕಾನೂನು ಬಿಗಿ. 1997ರಿಂದ ಸಾಮಾನ್ಯ ಜನರಿಗೆ ಕೈಪಿಸ್ತೂಲು ಇಲ್ಲ ಎಂದೇ ಹೇಳಬಹುದು. ಆದರೆ ಚರಿತ್ರೆಯ ಮಹತ್ವ ಇರುವುದಕ್ಕೆ ಆ ವರ್ಷದ ಕಾಯ್ದೆಯ 7ನೇ ಸೆಕ್ಷನ್ ಅಡಿ ದಾರಿ ಬಿಟ್ಟಿದ್ದಾರೆ. 1919ಕ್ಕೆ ಮೊದಲಿನದು, ತೋಟಾ ಸುಲಭಕ್ಕೆ ಸಿಗದ್ದು ಆದರೆ ಅನುಮತಿ ಪಡೆದು ಮನೆಯಲ್ಲಿ ಇಡಬಹುದು. .45 ತರಹ ತೋಟಾ ಇನ್ನೂ ಸಿಗುವಂಥದ್ದು ಆದರೆ ಬಿಸ್ಲಿ ಶೂಟಿಂಗ್ ಮೈದಾನದಂಥ ಗೊತ್ತುಪಡಿಸಿದ ಜಾಗದಲ್ಲೇ ಇಡಬೇಕು, ಅಲ್ಲಿಗೇ ಹೋಗಿ ನೋಡಬೇಕು. ನಮ್ಮ ಸಂಗ್ರಾಹಕರು ಹಾಗೇ ಮಾಡುತ್ತಾರೆ. ನಿಮ್ಮದು ನಿಮ್ಮ ಮನೆಯಲ್ಲಿ ಇರುವುದಿಲ್ಲ. ಅಷ್ಟಾದರೂ ಅದನ್ನು ಉಳಿಸುವವರು ಇದ್ದಾರೆ ಅನ್ನುವುದು ದೊಡ್ಡದು.

ಮೈಸೂರು_ಹೊಸಬ

ಮೇಡಂ, ಫಾಸ್ಬರಿ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ. ಹಾಗಾದರೆ ಭಾರತದಲ್ಲಿ ನಾವು ಇಂಥದ್ದೊಂದನ್ನು ಇಟ್ಟುಕೊಳ್ಳಬಹುದಾ? ಅಮೆರಿಕದಲ್ಲಿ ನಮ್ಮ ಅಣ್ಣ ಇದ್ದಾನೆ, ಅವನು ಕೊಂಡು ತರಬಹುದಾ?

ಧಾರವಾಡ_ವಕೀಲ

ಹೊಸಬರೇ, ಎರಡಕ್ಕೂ ಉತ್ತರ ಇಲ್ಲ ಎಂದೇ ಇಟ್ಟುಕೊಳ್ಳಿ. ವಿವರ ಹೇಳುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಹುಡುಗರು ಸುಮ್ನೆ ತೊಂದರೆಗೆ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಎಲ್ಲರೂ ಇಷ್ಟನ್ನೇ ಓದಿ ನಿಲ್ಲಿಸುತ್ತಾರೆ. ಮುಂದಿನ ಸಾಲು ಓದಬೇಕು. ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂಥದ್ದು ಆಗಿರಬೇಕು. 1907ರ ಸ್ಯಾವೇಜ್ ಇವತ್ತೂ ಹಾರಿಸುತ್ತದೆ. ಹಾಗಾಗಿ ನೂರು ವರ್ಷ ದಾಟಿದರೂ ಕಾಯ್ದೆಯ ಕಣ್ಣಿಗೆ ಅದು ಪಿಸ್ತೂಲೇ. ಮೇಲಾಗಿ .45 ನಿಷೇಧಿತ ಬೋರ್ (ನಳಿಗೆಯ ಅಳತೆ). ಸಾಮಾನ್ಯ ಲೈಸೆನ್ಸಿನಲ್ಲಿ ಅದು ಬರುವುದಿಲ್ಲ. ಅಣ್ಣ ತರುವ ಮಾತು ಇಲ್ಲಿಗೇ ಬಿಡಿ.

ಅಜ್ಜನ ಕಾಲದ್ದು ಮನೆಯಲ್ಲಿ ಇದ್ದರೆ? ಆಗಲೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ವಂಶದಿಂದ ಬಂದದ್ದೂ ಆ ಎರಡರ ಲೆಕ್ಕದಲ್ಲೇ. ಇನ್ನೊಂದು ಕಡೆ, ನೂರು ವರ್ಷ ಮೀರಿದ ಚಾರಿತ್ರಿಕ ವಸ್ತುವನ್ನು ದೇಶದಿಂದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ. ಹಾಗಾಗಿ ಅಟ್ಟದಲ್ಲಿ ಏನಾದರೂ ಸಿಕ್ಕಿದರೆ ಮಾರುವ ಯೋಚನೆಗೆ ಮೊದಲು ವಕೀಲರನ್ನು ಕೇಳಿ. ಬಿಚ್ಚಬೇಡಿ, ಉಜ್ಜಬೇಡಿ, ಫೋಟೊ ಹಾಕಿ ಬೆಲೆ ಕೇಳಬೇಡಿ.

ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಎಚ್ಚರಿಕೆ. ಹೆಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ಅಪರಾಧ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರ ವಿಷಯ ಬೇರೆ. ಗೆಳೆಯರ ಮನೆಯಲ್ಲಿ ನೋಡಿ ಆಸೆ ಹುಟ್ಟಿತು ಎಂದು ಹೋಗಿ ಕೊಂಡುಬಿಡಬೇಡಿ.

ಓಹಾಯೊ_ಹಳೇಕಬ್ಬಿಣ

ವಕೀಲರ ಮಾತಿಗೆ ನೂರು ಅಂಕ. ನಾನೂ ಪೌರತ್ವ ಬಂದ ಮೇಲೆಯೇ ಈ ಹವ್ಯಾಸಕ್ಕೆ ಇಳಿದದ್ದು. ಇಲ್ಲಿ ಇನ್ನೊಂದು ಗೊಂದಲ ಇದೆ. ಅಮೆರಿಕದ ಕಾನೂನಿನಲ್ಲಿ ಆಂಟಿಕ್ ಅಂದರೆ 1898 ಅಥವಾ ಅದಕ್ಕೆ ಮೊದಲು ತಯಾರಾದದ್ದು. ಬೋರ್ಚಾರ್ಟ್ ಸಿ93, ಮೊದಲ ಕೆಲವು ಮೌಸರ್ ಸಿ96, ಈ ಜರ್ಮನ್ ಪಿಸ್ತೂಲುಗಳು ಆ ಗೆರೆಯ ಆಚೆ. ಸ್ಯಾವೇಜ್ ಎಷ್ಟೇ ಹಳತಾದರೂ ಈಚೆ. ಐವತ್ತು ವರ್ಷ ದಾಟಿದ್ದರಿಂದ ಅದು ಕ್ಯೂರಿಯೊ ಅಂಡ್ ರೆಲಿಕ್.

ಕೊಡಗಿನಕೋವಿ

ನಮಸ್ಕಾರ. ಪಿಸ್ತೂಲು ನನ್ನ ವಿಷಯ ಅಲ್ಲ, ಆದರೆ ಬಣ್ಣದ ಚರ್ಚೆ ನೋಡಿ ಬರೆಯಬೇಕು ಅನ್ನಿಸಿತು. ನಮ್ಮಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ. ಅದಕ್ಕೆ ಮೊದಲು ಎಲ್ಲ ಮನೆಗಳಲ್ಲೂ ಕೋವಿ ಒರೆಸುತ್ತಾರೆ. ಈಗಿನ ಹುಡುಗರು ಹೊಳೆಯಲಿ ಎಂದು ಉಜ್ಜುವ ಕಾಗದ ಹಿಡಿಯುತ್ತಾರೆ. ನಮ್ಮ ತಾತ ಬಟ್ಟೆ ಮತ್ತು ಎಣ್ಣೆ ಬಿಟ್ಟು ಬೇರೇನೂ ಮುಟ್ಟಲು ಬಿಡುತ್ತಿರಲಿಲ್ಲ. ನೂರು ವರ್ಷದ ಕಂದು ಬಣ್ಣ ಕಬ್ಬಿಣದ ಮೇಲೆ ಕೂತು ಅದನ್ನು ಕಾಯುತ್ತದೆ. ಅದನ್ನು ತೆಗೆದರೆ ಹೊಸ ತುಕ್ಕಿಗೆ ಬಾಗಿಲು ತೆಗೆದ ಹಾಗೆ. ಹಳೆ ಆಯುಧ ಇರುವ ಎಲ್ಲರಿಗೂ ಇದು ಅನ್ವಯ ಆಗುತ್ತದೆ ಎಂದು ನಂಬಿದ್ದೇನೆ.

ಲೀಡ್ಸ್_ಕನ್ನಡತಿ

ನೂರಕ್ಕೆ ನೂರು ಸರಿ. ಮ್ಯೂಸಿಯಂಗಳ ಸಂರಕ್ಷಕರೂ ಇದನ್ನೇ ಹೇಳುತ್ತಾರೆ. ಜೊತೆಗೆ ಬರಿಗೈಯಲ್ಲಿ ಹಿಡಿಯಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ. ಚರ್ಮದ ಹೋಲ್‌ಸ್ಟರಿನಲ್ಲಿ ಇಟ್ಟು ಮರೆಯಬೇಡಿ. ಹದ ಮಾಡಿದ ಚರ್ಮದಲ್ಲಿ ಆಮ್ಲ ಇರುತ್ತದೆ, ತೇವವನ್ನೂ ಹಿಡಿದಿಡುತ್ತದೆ.

ದಾಖಲೆಪ್ರಿಯ

ಓಹಾಯೊ ಸರ್, ಈಗ ಹಣದ ಮಾತು. ಪರೀಕ್ಷೆಯ ಪಿಸ್ತೂಲುಗಳಲ್ಲಿ ಕಾಗದಕ್ಕೆ ಬೆಲೆ. ನನ್ನ ಅಭಿಪ್ರಾಯದಲ್ಲಿ ಬಣ್ಣಕ್ಕಿಂತ ಕಾಗದ ಮೊದಲು.

ಕೋಲ್ಟ್ ಆದರೆ ಕಂಪನಿಯ ಆರ್ಕೈವ್ ವಿಭಾಗಕ್ಕೆ ಶುಲ್ಕ ಕಟ್ಟಿದರೆ ನಂಬರ್ ನೋಡಿ ಯಾವಾಗ, ಯಾರಿಗೆ ಕಳಿಸಿದ್ದು ಎಂದು ಪತ್ರ ಕೊಡುತ್ತಾರೆ. 1900ರ ಕೋಲ್ಟ್‌ನಲ್ಲಿ ಸೇನೆ ಮೊದಲು 75, ಆಮೇಲೆ 200 ಕೊಂಡಿತ್ತು. ಮೊದಲ 75ರ ಮೇಲೆ ತಪಾಸಣಾಧಿಕಾರಿಯ ಮೊದಲಕ್ಷರ ಜೆಟಿಟಿ. ಮೇಲೆ ಹೇಳಿದ ಅದೇ ಜಾನ್ ಥಾಂಪ್ಸನ್ ಅವರದು. ಆ ಮೂರು ಅಕ್ಷರಕ್ಕಾಗಿ ಜನ ಎಷ್ಟೋ ದುಡ್ಡು ಕೊಡುತ್ತಾರೆ. ಅದಕ್ಕೇ ನಕಲಿಯವರೂ ಅದನ್ನೇ ಕೊರೆಯುತ್ತಾರೆ. ಆ ಪಿಸ್ತೂಲಿನಲ್ಲಿ ಹಿಂದಿನ ಗುರಿಕಣ್ಣನ್ನು ಕೆಳಗೆ ಒತ್ತಿದರೆ ಅದೇ ಸೇಫ್ಟಿ. ಆಮೇಲೆ ಬಹಳಷ್ಟಕ್ಕೆ ಅದನ್ನು ತೆಗೆದು ಸಾದಾ ಗುರಿಕಣ್ಣು ಹಾಕಿದರು. ಬದಲಾಗದೆ ಉಳಿದದ್ದು ಸಿಕ್ಕರೆ ಪುಣ್ಯ.

ಲೂಗರ್ ಆದರೆ 1901ರಲ್ಲಿ ಸೇನೆ ಪರೀಕ್ಷೆಗೆ ತರಿಸಿದ 1,000ದ ಸರಣಿ. ತೋಟಾದ ಕೋಣೆಯ ಮೇಲೆ ಅಮೆರಿಕನ್ ಹದ್ದಿನ ಚಿತ್ರ. ಆದರೆ ಹದ್ದು ಇದ್ದ ಮಾತ್ರಕ್ಕೆ ಸೇನೆಯದಲ್ಲ. ವ್ಯಾಪಾರಕ್ಕೆ ಬಂದವುಗಳ ಮೇಲೂ ಅದೇ ಹದ್ದು ಇದೆ. ನಂಬರ್ ಸರಣಿ ನೋಡದೆ ಕೊಂಡವರು ಸಾದಾ ಲೂಗರ್‌ಗೆ ಸೇನೆಯ ಬೆಲೆ ಕೊಟ್ಟಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಉಳಿದವನ್ನು ಸೇನೆ ಮಾರಿತು. ಹೆಚ್ಚಿನವು ನ್ಯೂಯಾರ್ಕಿನ ಹಳೆ ಸಾಮಾನಿನ ದೊಡ್ಡ ವ್ಯಾಪಾರಿ ಬ್ಯಾನರ್‌ಮನ್ ಕೈಗೆ ಹೋದವು.

ಸ್ಯಾವೇಜ್ .45ಕ್ಕೆ ಸೇನೆಯ ಕಡೆಯ ಕಾಗದ ಬೇಕೆಂದರೆ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಆರ್ಡ್‌ನೆನ್ಸ್ (ಸೇನೆಯ ಆಯುಧ) ಇಲಾಖೆಯ ದಾಖಲೆ ಇದೆ, 156ನೇ ಗುಂಪು. ಅಲ್ಲಿ ಕೂತು ಹುಡುಕಬೇಕು. ತಾಳ್ಮೆ ಇರುವವರಿಗೆ ಅದು ಹಬ್ಬ.

ಯಂತ್ರಮನಸ್ಸು

ಲೂಗರ್ ಅಂದ ಮೇಲೆ .45 ಲೂಗರ್ ಹೇಳದೆ ಬಿಡಬಾರದು. 1907ರ ಪರೀಕ್ಷೆಗೆ ಗಿಯಾರ್ಗ್ ಲೂಗರ್ ಸ್ವತಃ ತಂದದ್ದು. 2ನೇ ನಂಬರಿನದು ಇಂದಿಗೂ ಇದೆ. 1ನೆಯದು ಎಲ್ಲಿ ಹೋಯಿತೋ ಸುಳಿವಿಲ್ಲ. 2ನೆಯದು 1980ರ ದಶಕದ ಕೊನೆಯಲ್ಲಿ 10 ಲಕ್ಷ ಡಾಲರಿಗೆ ಕೈ ಬದಲಾಯಿತು ಎಂದು ಪ್ರಸಿದ್ಧಿ. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹರಾಜಿಗೆ ಬಂದಾಗ 4,94,500 ಡಾಲರ್. ಅರ್ಧಕ್ಕೆ ಇಳಿಯಿತು. ಪಿಸ್ತೂಲು ಅದೇ, ಕಾಗದ ಅದೇ. ಇದನ್ನು ಹೂಡಿಕೆ ಎಂದು ಕೊಳ್ಳುವವರು ಈ ಅಂಕಿ ನೆನಪಿಡಿ.

ಓಹಾಯೊ_ಹಳೇಕಬ್ಬಿಣ

ಅಪ್‌ಡೇಟ್. ಆ ಹಿರಿಯರ ಮನೆಗೆ ಹೋಗಿ ಬಂದೆ. ದಾಖಲೆಪ್ರಿಯ ಅವರು ಹೇಳಿದ ಹಾಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ.

ಸ್ಲೈಡಿನ ಮೇಲಿನ ಅಕ್ಷರಗಳ ಅಂಚು ಚೂಪಾಗಿಯೇ ಇದೆ. ಪಿನ್ ತೂತುಗಳ ಸುತ್ತ ಗುಳಿ ಇಲ್ಲ. ಸಮತಟ್ಟು ಜಾಗ ಸಮತಟ್ಟಾಗಿದೆ. ಆದರೆ ಫ್ರೇಮಿನ ಮುಂಭಾಗದಲ್ಲಿ, ಬೆರಳು ಸುತ್ತುವ ಕಡೆ, ಸಣ್ಣ ಹೊಂಡಗಳಿವೆ, ಅವುಗಳೊಳಗೆ ನೀಲಿ ಇಲ್ಲ, ಕಂದು. ಅಂದರೆ ಬಣ್ಣ ಮೊದಲು, ತುಕ್ಕು ಆಮೇಲೆ. ಮಧ್ಯೆ ಯಾರೂ ಕೈ ಹಾಕಿಲ್ಲ. ಮ್ಯಾಗಜೀನ್ ಮಾತ್ರ ನನಗೆ ಅನುಮಾನ. ಅದರ ಬಣ್ಣ ತೀರಾ ಹೊಸದು, ಒಳಗಿನ ಸ್ಪ್ರಿಂಗ್ ಸಹ. ಕಾಗದ ಏನೂ ಇಲ್ಲ. ಅವರು ಕೊಂಡ ಅಂಗಡಿ ಮುಚ್ಚಿ ಎಷ್ಟೋ ಕಾಲ ಆಯಿತಂತೆ.

ದಾಖಲೆಪ್ರಿಯ

ಹಾಗಾದರೆ ಬ್ಲೂಯಿಂಗ್ ಕಾರ್ಖಾನೆಯದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆ ಕಂದು ಹೊಂಡಗಳೇ ನಿಮ್ಮ ಸಾಕ್ಷಿ, ದಯವಿಟ್ಟು ಅವನ್ನು ಸ್ವಚ್ಛ ಮಾಡಬೇಡಿ. ಮ್ಯಾಗಜೀನ್ ನಂತರದ್ದು ಎಂದು ಹಿಡಿದು ಬೆಲೆ ಕೇಳಿ. .45 ಸ್ಯಾವೇಜಿನ ನಿಜವಾದ ಮ್ಯಾಗಜೀನ್ ಹುಡುಕುವುದು ಪಿಸ್ತೂಲು ಹುಡುಕುವುದಕ್ಕಿಂತ ಕಷ್ಟ, ಅದಕ್ಕೆ ತಕ್ಕಷ್ಟು ಇಳಿಸಲೇಬೇಕು. ಇಂಥ ಅಶ್ವದಳ ಬಳಸಿದ್ದು, ಇಂಥ ಕ್ಯಾಪ್ಟನ್ ಹತ್ತಿರ ಇತ್ತು ಎಂಬ ಬಾಯಿಮಾತಿಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ.

ಯಂತ್ರಮನಸ್ಸು

ಹೊಂಡದ ವಿವರ ಕೇಳಿದ ಮೇಲೆ ನನ್ನ "ಬಿಡಿ" ವಾಪಸ್ ತೆಗೆದುಕೊಳ್ಳುತ್ತೇನೆ. ತಗೊಳ್ಳಿ. ಒಂದೇ ಬೇಡಿಕೆ, ಅದರಿಂದ ಗುಂಡು ಹಾರಿಸಬೇಡಿ. ಒಂದು ಭಾಗ ಮುರಿದರೆ ಬದಲಿ ಎಲ್ಲೂ ಇಲ್ಲ. ಈ ಪಿಸ್ತೂಲಿಗೆ .45ರ ಏಟು ಜಾಸ್ತಿ ಆಯಿತು ಅನ್ನುವುದು 1911ರಲ್ಲೇ ಸಾಬೀತಾಗಿದೆ. ಮತ್ತೆ ಪರೀಕ್ಷೆ ಮಾಡಬೇಕಿಲ್ಲ.

ಓಹಾಯೊ_ಹಳೇಕಬ್ಬಿಣ

ಹಾರಿಸುವುದಿಲ್ಲ, ಮಾತು ಕೊಟ್ಟೆ. ಮ್ಯಾಗಜೀನ್ ವಿಷಯ ಹೇಳಿದ ಮೇಲೆ ಅವರೂ ಒಪ್ಪಿ ಬೆಲೆ ಇಳಿಸಿದರು. ಕಾಗದಪತ್ರ ಈ ವಾರ ಮುಗಿಸುತ್ತೇವೆ. ಮುಂದಿನ ಬೇಸಿಗೆಗೆ ಪತ್ರಾಗಾರಕ್ಕೆ ಹೋಗುವ ಆಸೆ ಇದೆ. ವಾಷಿಂಗ್ಟನ್ ಕಡೆ ಇರುವ ಯಾರಾದರೂ ಜೊತೆಗೆ ಬರುತ್ತೀರಾ?

ಮೈಸೂರು_ಹೊಸಬ

ಅಭಿನಂದನೆ ಸರ್! ಎರಡು ಸಲ ಓದಿದೆ ಇಡೀ ಎಳೆ. ನನ್ನಂಥವರು ಕೊಳ್ಳಲು ಆಗುವುದಿಲ್ಲ, ನೋಡಲು ಎಲ್ಲಿಗೆ ಹೋಗಬೇಕು? ಮುಂದಿನ ವರ್ಷ ಅಣ್ಣನ ಮನೆಗೆ ಹೋಗುವವನಿದ್ದೇನೆ.

ದಾಖಲೆಪ್ರಿಯ

ಪೂರ್ವ ಕರಾವಳಿ ಆದರೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿಗೇ ಹೋಗಿ. ಈಗ ಅದು ರಾಷ್ಟ್ರೀಯ ಚಾರಿತ್ರಿಕ ತಾಣ, ಪರೀಕ್ಷೆಗಳು ನಡೆದ ಜಾಗವೇ ಅದು. ಪಶ್ಚಿಮಕ್ಕೆ ಹೋಗುವುದಾದರೆ ವಯೋಮಿಂಗ್‌ನ ಕೋಡಿ ಊರಿನ ಫೈರ್‌ಆರ್ಮ್ಸ್ ಮ್ಯೂಸಿಯಂ, ಯೂಟಾದ ಆಗ್ಡೆನ್‌ನಲ್ಲಿ ಬ್ರೌನಿಂಗ್ ಮ್ಯೂಸಿಯಂ. ಆಗ್ಡೆನ್ ಬ್ರೌನಿಂಗ್ ಹುಟ್ಟಿದ ಊರು. ಅಣ್ಣನ ಮನೆ ಯಾವ ಊರು ಎಂದು ಬರೆಯಿರಿ, ಹತ್ತಿರದ್ದು ಯಾವುದು ನೋಡಿ ಹೇಳುತ್ತೇನೆ.